ಇಲ್ಲದ ದೀಪಕ್ಕೆ ಬಂದ ಕರೆ

ಕಂತು ಏಳು

"ದೆವ್ವಕ್ಕೆ ಎಡ ಬಲ ಗೊತ್ತಾಗಲ್ವಾ, ಮಾಮ?"

ಕೇಳಿದವಳು ನಗುತ್ತಿರಲಿಲ್ಲ. ಲ್ಯಾಬಿನ ಬಿಳಿ ಕೋಟನ್ನು ಚೀಲಕ್ಕೆ ತುರುಕುತ್ತಿದ್ದ ಕೈ ಅರ್ಧಕ್ಕೇ ನಿಂತಿತ್ತು.

"ಗೊತ್ತಾಗ್ಬೇಕು," ಎಂದ ಮೀಟರ್ ಮಾಮ. "ಅದಕ್ಕೇ ನಿನ್ನ ಕರೆದು ತೋರಿಸ್ತಿರೋದು. ಕೂತ್ಕೋ, ಬಸ್ಸಿಗೆ ಇನ್ನೂ ಟೈಮಿದೆ."

ಅವಳು ಕೂರಲಿಲ್ಲ. ಎಂಟು ತಿಂಗಳ ಹಿಂದೆ ದೋಣಿ ಮಗುಚಿ ಗಂಡ ತೀರಿಕೊಂಡ ಮೇಲೆ ಈ ಮನೆಯ ದೀಪ ತಾನಾಗಿಯೇ ಹತ್ತಿ ಆರುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ 'ತಲೆ ಸ್ಥಿಮಿತದಲ್ಲಿಲ್ಲದ ತಾಯಿ' ಎಂದು ಅತ್ತೆ ಕಡೆಯವರು ಅರ್ಜಿ ಹಾಕಿದ್ದರು. ಆರು ವರ್ಷದ ಮಗಳು ಯಾರ ಬಳಿ ಇರಬೇಕೆಂದು ಶುಕ್ರವಾರ ಕೋರ್ಟು ಹೇಳಲಿತ್ತು. ಇವತ್ತು ಬುಧವಾರ. ಮಗಳನ್ನು ಶಾಲೆಗೆ ಬಿಟ್ಟು ಬಂದ ತಾಯಿಯ ಕೂದಲು ಇನ್ನೂ ಒದ್ದೆಯಾಗಿತ್ತು.

ಮಾಮ ಚಪ್ಪಲಿ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿದ. ಅದರ ಹಿಂದಿನ ಪ್ಲಗ್ಗಿನಲ್ಲಿ ಅಂಗೈಯಗಲದ ಒಂದು ಡಬ್ಬಿ ಮೂರು ವಾರದಿಂದ ಕೂತಿತ್ತು.

ಅವಳ ಗಂಡ ನಾಟಕ ಥಿಯೇಟರಿನಲ್ಲಿ ಲೈಟಿನವನು. ಮನೆಯ ದೀಪಗಳಿಗೂ ಅದೇ ಹುಚ್ಚು ಹಿಡಿಸಿದ್ದ. ಬಟನ್ ಒತ್ತಿದರೆ ಸಂಕೇತವೊಂದು ಗೋಡೆಯೊಳಗಿನ ಕರೆಂಟ್ ತಂತಿಯ ಮೇಲೇ ಓಡುತ್ತದೆ. ಪ್ರತಿ ದೀಪಕ್ಕೂ ಒಂದು ಸಂಖ್ಯೆ. ತನ್ನ ಸಂಖ್ಯೆ ಕೇಳಿಸಿಕೊಂಡ ದೀಪ ಮಾತ್ರ ಹತ್ತುತ್ತದೆ.

ಆ ಸಂಕೇತ ಅಳೆಯುವುದಕ್ಕೆಂದೇ ಒಂದು ಮೀಟರು ಸಿಗುತ್ತದೆ. ಯಾವ ದೀಪಕ್ಕೆ, ಏನು ಆಜ್ಞೆ, ಎಷ್ಟು ವೋಲ್ಟಿನ ಬಲದಲ್ಲಿ ಬಂತು ಎಂದು ಪುಟ್ಟ ಪರದೆಯಲ್ಲಿ ತೋರಿಸುತ್ತದೆ, ಮರುಗಳಿಗೆಗೆ ಮರೆತುಬಿಡುತ್ತದೆ. ಅದರ ಮುಂದೆ ಹಗಲು ರಾತ್ರಿ ಕಣ್ಣು ನೆಟ್ಟು ಕೂರಲು ಯಾರಿಗಾಗುತ್ತದೆ?

ಮೂವತ್ತು ವರ್ಷ ಮೀಟರು ರಿಪೇರಿ ಮಾಡಿದ ಮಾಮ ಅದಕ್ಕೆ ನೆನಪು ಕಟ್ಟಿಕೊಟ್ಟಿದ್ದ. ಬೆನ್ನು ಬಿಚ್ಚಿ, ಪರದೆಯ ಪಿನ್ನುಗಳಿಗೆ ಕೂದಲೆಳೆಯಂಥ ತಂತಿಗಳನ್ನು ಬೆಸುಗೆ ಹಾಕಿದ್ದ. ಮೊದಲ ಸಲ ಎಲ್ಲ ಪಟ್ಟೆಂದು ಸುಟ್ಟುಹೋಗಿತ್ತು. ಆ ಮೀಟರಿನ ಹೊಟ್ಟೆ ನೇರವಾಗಿ ಮನೆಯ ಕರೆಂಟಿನ ಮೇಲೇ ಕೂತಿರುತ್ತದೆ. ಅದನ್ನು ಮರೆತಿದ್ದಕ್ಕೆ ಹೆಬ್ಬೆರಳಿನ ಮೇಲೊಂದು ಬೊಬ್ಬೆ ಬಹುಮಾನ. ಎರಡನೇ ಸಲ ನಡುವೆ ಉಗುರಿನಷ್ಟು ದೊಡ್ಡ ಬಿಡಿಭಾಗ ಕೂರಿಸಿದ. ಅದರೊಳಗೆ ಒಂದು ಕಡೆ ಸಾಸಿವೆಯಷ್ಟು ದೀಪ, ಎದುರಿಗೆ ಅದನ್ನು ನೋಡುವ ಒಂದು ಕಣ್ಣು. ಕರೆಂಟು ದಾಟುವುದಿಲ್ಲ, ಸುದ್ದಿ ಮಾತ್ರ ದಾಟುತ್ತದೆ. ಆಮೇಲೆ ಗಡಿಯಾರದ ಸೆಲ್ಲು, ಮೆಮೊರಿ ಕಾರ್ಡು. ಈಗ ಗೋಡೆಯೊಳಗೆ ಪಿಸುಗುಟ್ಟಿದ್ದೆಲ್ಲ ಗಂಟೆ ನಿಮಿಷದ ಸಮೇತ ಆ ಡಬ್ಬಿಯಲ್ಲಿ ದಾಖಲಾಗುತ್ತಿತ್ತು.

ಮಾಮ ಹಾಳೆ ಬಿಡಿಸಿ ಮೇಜಿನ ಮೇಲಿಟ್ಟ.

"ಇದು ಹೋದ ಗುರುವಾರದ್ದು. ಓದು."

ಅವಳು ಓದಿದಳು. ರಕ್ತ ಪರೀಕ್ಷೆಯ ರಿಪೋರ್ಟು ಓದಿ ಅಭ್ಯಾಸವಾದ ಕಣ್ಣು, ಬೆರಳಿಟ್ಟುಕೊಂಡೇ ಓದುತ್ತದೆ.

"ಸಂಜೆ ಏಳು ಗಂಟೆ ನಾಲ್ಕು ನಿಮಿಷ. ಐದು, ಆನ್. ಅದೇ ನಿಮಿಷ. ನಾಲ್ಕು, ಆನ್. ನಾಲ್ಕು, ಡಿಮ್. ಡಿಮ್. ಡಿಮ್. ನಾಲ್ಕು, ಆಫ್." ಧ್ವನಿ ಸಣ್ಣದಾಯಿತು. "ಇದು ಅವರೇ, ಮಾಮ. ಮೂರು ಮೆಟ್ಟಿಲು ಇಳಿಸಿ ಆಮೇಲೆ ಆರಿಸೋದು. ದೀಪಕ್ಕೂ ಕಣ್ಣು ಮುಚ್ಚೋಕೆ ಟೈಮ್ ಕೊಡಬೇಕು ಅನ್ನೋರು. ಆವತ್ತು ಊಟಕ್ಕೆ ಕೂತಿದ್ವಿ. ಮಗು ತಲೆ ಎತ್ತಿ 'ಅಪ್ಪ' ಅಂತು. ಅಷ್ಟೇ. ಹೆದರಲೂ ಇಲ್ಲ, ಏನಿಲ್ಲ, ಊಟ ಮುಂದುವರಿಸ್ತು."

"ಅದಿರ್ಲಿ. ಐದನೇ ದೀಪ ಎಲ್ಲಿ?"

"ಐದಾ? ಐದು ಎಲ್ಲಿದೆ? ಮಗು ಚೆಂಡು ಹೊಡೆದು ಒಡೆದುಹಾಕಿತ್ತಲ್ಲ. ಅವರೇ ಕಿತ್ತುಹಾಕಿ ಗೋಡೆಗೆ ಬಣ್ಣ ಹಚ್ಚಿದ್ರು. ಎರಡು ವರ್ಷ ಆಯ್ತು."

"ಅವನೇ ಕಿತ್ತಿದ್ದು?"

"ಹೂಂ."

"ಹಂಗಾದ್ರೆ ಅವನೇ ಬಂದು ಯಾಕಮ್ಮ ಇಲ್ಲದ ದೀಪಾನ ಕರೀತಾನೆ? ಹನ್ನೊಂದು ಸಂಜೆ ಬರೆದಿದೆ. ಹನ್ನೊಂದರಲ್ಲೂ ಮೊದಲು ಐದು, ಆಮೇಲೆ ನಾಲ್ಕು. ಕಣ್ಣಿಗೆ ಕಂಡಿದ್ದು ನಾಲ್ಕು ಮಾತ್ರ, ಹಂಗಾಗಿ ಐದನ್ನ ಯಾರೂ ನೋಡಲಿಲ್ಲ. ಇದು ನೋಡ್ತು." ಡಬ್ಬಿಯ ತಲೆ ತಟ್ಟಿದ.

ಅವಳು ಈಗ ಕೂತಳು.

ಮಾಮ ಅವಳ ರಿಮೋಟನ್ನು ಕೈಗೆತ್ತಿಕೊಂಡ. ಗಂಡನ ಅಕ್ಷರದಲ್ಲಿ ಬಟನ್ನಿನ ಪಕ್ಕ ಚೀಟಿ ಅಂಟಿತ್ತು. ನಾಲ್ಕು, ಎಡ. ಐದು, ಬಲ.

"ಎಡ ಅಂತ ಬರೆದಿದ್ದಾನೆ. ದೀಪ ನೋಡಿದ್ರೆ ಬಲಕ್ಕಿದೆ."

"ಅದು ನಾಟಕದವರ ಎಡ, ಮಾಮ. ಸ್ಟೇಜ್ ಮೇಲೆ ನಿಂತು ಜನರ ಕಡೆ ಮುಖ ಮಾಡಿದ್ರೆ ಯಾವುದು ಎಡವೋ ಅದು. ನೋಡೋರಿಗೆ ಅದೇ ಬಲ. ಮದುವೆಯಾದ ಹೊಸದರಲ್ಲಿ ದಿನಾ ಇದೇ ಜಗಳ. ಎಡಗಡೆ ಡ್ರಾಯರಲ್ಲಿ ಕತ್ತರಿ ಇದೆ ಅನ್ನೋರು, ನಾನು ಅರ್ಧ ಗಂಟೆ ಹುಡುಕಿ ಬೈಸ್ಕೋತಿದ್ದೆ."

"ಆಯ್ತಲ್ಲ. ಹೊರಗಡೆಯಿಂದ ನೋಡೋನಿಗೆ ಈ ದೀಪ ಬಲಕ್ಕೆ ಕಾಣುತ್ತೆ. ಚೀಟಿ ನೋಡಿ 'ಬಲ' ಒತ್ತುತ್ತಾನೆ. ಐದಕ್ಕೆ ಹೋಗುತ್ತೆ, ಏನೂ ಆಗಲ್ಲ. ಆಮೇಲೆ 'ಎಡ' ಒತ್ತುತ್ತಾನೆ. ನಾಟಕದ ಗಾಳಿ ಸೋಕದವರು ಮಾತ್ರ ಮಾಡೋ ತಪ್ಪು ಇದು. ನಿನ್ನ ಮೈದುನ?"

"ಹನ್ನೊಂದು ವರ್ಷದಿಂದ ಅದೇ ಸ್ಟೇಜಲ್ಲಿ ಪರದೆ ಎಳೀತಾನೆ." ಅವಳ ಮುಖದಲ್ಲಿ ನಿರಾಸೆಯಂಥದ್ದೊಂದು ಸುಳಿಯಿತು. ಇಷ್ಟು ದಿನ ಬೈದುಕೊಂಡು ನೆಮ್ಮದಿಯಾಗಿರಲು ಅವನೊಬ್ಬನಿದ್ದ. "ಹಂಗಾದ್ರೆ ಅವನಲ್ಲ."

"ಈ ಹನ್ನೊಂದು ಅವನದಲ್ಲ. ಸಂಕೇತದ ಬಲ ನೋಡು, ಸೊನ್ನೆ ಪಾಯಿಂಟ್ ಮೂರು ವೋಲ್ಟು. ಈ ಮನೆಯೊಳಗೇ ಒತ್ತಿದ್ರೆ ಐದು ವೋಲ್ಟಿನ ಹತ್ತಿರ ಬರಬೇಕು. ಇದು ಬೇರೆ ಮನೆಯಿಂದ ಹೊರಟು, ಕಂಬ ಹತ್ತಿ, ಸುಸ್ತಾಗಿ ಇಲ್ಲಿಗೆ ಬಂದಿದೆ. ಒಂದೇ ಟ್ರಾನ್ಸ್‌ಫಾರ್ಮರಿನ ಮೇಲಿರೋ ಮನೆ. ನಿನ್ನ ಗಂಡ ಇನ್ಯಾರ ಮನೆಗೆ ಈ ಬಟನ್ ಪೆಟ್ಟಿಗೆ ಹಾಕಿಕೊಟ್ಟಿದ್ದ?"

ಅವಳು ಕಿಟಕಿಯ ಕಡೆ ನೋಡಿದಳು. ಕಿರಿದಾದ ಓಣಿಯಾಚೆ ಇನ್ನೊಂದು ಕಿಟಕಿ, ಅದರ ಸರಳುಗಳ ಹಿಂದೆ ಒಂದು ಕುರ್ಚಿಯ ಬೆನ್ನು. ಎರಡು ಮನೆಗೂ ಬಾಗಿಲು ಬೇರೆ ಬೇರೆ ಬೀದಿಗೆ. ಕಿಟಕಿಗಳು ಮಾತ್ರ ಮುಖಾಮುಖಿ.

"ಅತ್ತೆ," ಎಂದಳು. ಬೈಗುಳದ ಹಾಗಲ್ಲ. ಮನೆಯಲ್ಲೇ ಕಳೆದುಹೋದದ್ದು ಸಿಕ್ಕಾಗ ಅದರ ಹೆಸರು ಹೇಳುವ ಹಾಗೆ.

ಬಾಗಿಲ ಹತ್ತಿರ ಮಾಮ ಸುಮ್ಮನೆ ಕೇಳುವವನಂತೆ ಕೇಳಿದ. "ಬುಧವಾರ ಹತ್ತೂವರೆ ಹನ್ನೊಂದಕ್ಕೆ ನೀನು ಎಲ್ಲಿರ್ತೀಯಮ್ಮ?"

"ಲ್ಯಾಬಲ್ಲಿ, ಇನ್ನೆಲ್ಲಿ? ಹಾಜರಿ ಮೆಷಿನ್ನಿಗೆ ಬೆರಳು ಒತ್ತಿ ಒಳಗೆ ಹೋದ್ರೆ ಸಂಜೆವರೆಗೂ ಬಿಡಲ್ಲ. ಒಂದು ನಿಮಿಷ ಲೇಟಾದ್ರೂ ಅರ್ಧ ದಿನ ರಜೆ ಬರ್ಕೋತಾರೆ. ಯಾಕೆ?"

"ಏನಿಲ್ಲ. ಹೋಗ್ ಬಾ."

ಅವಳು ಹೋದ ಮೇಲೆ ಮಾಮ ಜೇಬಿನಿಂದ ಇನ್ನೊಂದು ಹಾಳೆ ತೆಗೆದ. ಅದನ್ನು ಅವಳಿಗೆ ತೋರಿಸಿರಲಿಲ್ಲ. ಮೂರೇ ಸಲದ್ದು. ಮೂರೂ ಬುಧವಾರ, ಬೆಳಿಗ್ಗೆ ಹತ್ತು ಮುಕ್ಕಾಲರ ಆಸುಪಾಸು. ಐದು ಇಲ್ಲ. ನೇರವಾಗಿ ನಾಲ್ಕು. ಡಿಮ್, ಎರಡು ಸೆಕೆಂಡು ಬಿಟ್ಟು ಡಿಮ್, ಎರಡು ಸೆಕೆಂಡು ಬಿಟ್ಟು ಡಿಮ್. ಒಂದು ಹೆಜ್ಜೆಯೂ ತಪ್ಪಿಲ್ಲ.

ಸಂಕೇತದ ಬಲ, ನಾಲ್ಕು ಪಾಯಿಂಟ್ ಒಂಬತ್ತು ವೋಲ್ಟು. ಈ ಮನೆಯೊಳಗಿಂದ.

ಬೀಗ ಮುರಿದಿರಲಿಲ್ಲ. ಮಾಮ ಒಂದು ಗಳಿಗೆ ಹಜಾರದಲ್ಲಿ ಒಬ್ಬನೇ ನಿಂತ. ಓಣಿಯ ಕಡೆಗಿದ್ದುದರಿಂದ ಹಗಲಲ್ಲೂ ಅಲ್ಲಿ ಮಬ್ಬು. ನಾಲ್ಕನೇ ದೀಪದ ಬಲ್ಬನ್ನು ಮುಟ್ಟಿ ನೋಡಿದ. ತಣ್ಣಗಿತ್ತು. ಮುಟ್ಟಿದ್ದಕ್ಕೆ ತನಗೇ ನಾಚಿಕೆಯಾಗಿ ಕೈಯನ್ನು ಅಂಗಿಗೆ ಒರೆಸಿಕೊಂಡ.

*

ಪಂಪ್‌ಹೌಸಿನಲ್ಲಿ ಇಪ್ಪತ್ತಾರು ವರ್ಷ ದುಡಿದ ಅತ್ತೆಯನ್ನು ಬೀದಿಯವರೆಲ್ಲ ಪಂಪಜ್ಜಿ ಎನ್ನುತ್ತಿದ್ದರು. ಮಂಡಿ ಸೋತಿತ್ತು, ನಾಲಿಗೆ ಸೋತಿರಲಿಲ್ಲ.

"ಏನು ಮೀಟರಪ್ಪ, ಸೊಸೆ ಕಡೆಯೋನು ಇಲ್ಲಿ? ದಾರಿ ತಪ್ತಾ?"

"ತಪ್ಪಲಿಲ್ಲ ಅಕ್ಕ. ತಂತಿ ಹಿಡ್ಕೊಂಡು ಬಂದೆ."

ಗಂಟೆ ಹತ್ತಾಗಿತ್ತು. ಕಿಟಕಿಯ ಪಕ್ಕದ ಕುರ್ಚಿ, ಕೈಗೆಟುಕುವಷ್ಟು ದೂರದಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಮಾತ್ರೆಯ ಡಬ್ಬಿ, ಕನ್ನಡಕ, ಫೋನು. ಅವುಗಳ ನಡುವೆ ನೂಲಿನಲ್ಲಿ ಹೆಣೆದ ಕ್ರೋಶಾ ಕವರು ಹೊದಿಸಿದ ಒಂದು ಪೆಟ್ಟಿಗೆ. ಮಾಮ ಕವರು ಎತ್ತಿದ. ಎಂಟು ಬಟನ್. ಅದೇ ಅಕ್ಷರ, ಅದೇ ಚೀಟಿ.

"ಅದು ನನ್ನ ಜಗಲಿ ದೀಪಕ್ಕೆ," ಎಂದಳು ಅಜ್ಜಿ. "ಎದ್ದು ಹೋಗೋಕಾಗಲ್ಲ ಅಂತ ಮಗ ಹಾಕ್ಕೊಟ್ಟಿದ್ದು."

"ಜಗಲಿ ದೀಪ ಒಂದನೇ ಬಟನ್. ಧೂಳು ನಾಲ್ಕು ಐದರ ಮೇಲೆ ಮಾತ್ರ ಇಲ್ಲ."

ಅಜ್ಜಿ ಕನ್ನಡಕ ಹಾಕಿಕೊಂಡು ಧೂಳನ್ನು ನೋಡಿದಳು. ಆಮೇಲೆ ಅವನನ್ನು.

"ಪೊಲೀಸಿನೋರಿಗಿಂತ ಕಸ ಗುಡಿಸೋಳ ಕಣ್ಣು ನಿಂದು."

"ಅಕ್ಕ, ಒಂದೇ ಒಂದು ನನಗೆ ಅರ್ಥ ಆಗಿಲ್ಲ. ಮೊದಲನೇ ದಿನ ತಪ್ಪಾಗಿ ಐದು ಒತ್ತಿದ್ರಿ, ಸರಿ. ಹನ್ನೊಂದು ದಿನವೂ ಯಾಕೆ ಐದು?"

"ತಪ್ಪು ಯಾಕಾಗುತ್ತೆ? ಐದು ಒತ್ತಿದ್ರೆ ತಾನೆ ನಾಲ್ಕು ಹತ್ತೋದು!"

ಮಾಮ ಕಣ್ಣು ಪಿಳುಕಿಸಿದ.

"ಪಂಪಿಗೆ ಮೊದಲು ಬಾಯಿಗೆ ನೀರು ಹುಯ್ಯಲ್ವಾ? ಆಮೇಲೆ ತಾನೆ ಅದು ಎಳೆಯೋದು? ಮೊದಲನೇ ದಿನ ಐದು ಒತ್ತಿದೆ, ಸುಮ್ಮನಿತ್ತು. ನಾಲ್ಕು ಒತ್ತಿದೆ, ಹತ್ತಿತು. ಐದು ಅಂದ್ರೆ ಎಚ್ಚರ ಮಾಡೋದು, ನಾಲ್ಕು ಅಂದ್ರೆ ಹತ್ತಿಸೋದು ಅಂದ್ಕೊಂಡೆ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ಒಣ ಪಂಪ್ ಓಡಿಸಿದವಳಲ್ಲ ನಾನು."

ನಗು ಬಂತು. ಮಾಮ ನಗಲಿಲ್ಲ. ಅವಳು ಅಲ್ಲಗಳೆಯಲು ಮರೆತು ಎಲ್ಲ ಒಪ್ಪಿಕೊಂಡಿದ್ದಳು, ಅದು ಅವಳಿಗೂ ಈಗ ಹೊಳೆಯಿತು. ಮುಖ ಕಿಟಕಿಯ ಕಡೆ ತಿರುಗಿತು.

"ಸೊಸೆಗೆ ಹುಚ್ಚು ಹಿಡಿಸೋಕಾ ಅಕ್ಕ?"

"ಥೂ! ಬಾಯಿ ತೊಳ್ಕೋ."

"ಮತ್ತೆ ಯಾಕೆ? ನಾಡಿದ್ದು ಆ ಹೆಣ್ಣುಮಗಳ ಕೈಯಿಂದ ಮಗು ಕಿತ್ಕೊಳ್ತಾರೆ. ನೀವು ಒತ್ತಿದ ಬಟನ್ನಿಗೆ ಅವಳು ಹುಚ್ಚಿ ಅನ್ನಿಸ್ಕೋತಾಳೆ. ಅರ್ಜಿ ಮೇಲೆ ಸೈನು ನಿಮ್ಮದು."

ಓಣಿಯಲ್ಲಿ ಯಾರದೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋಯಿತು.

"ನಾನು ಮೊದಲು ಒತ್ತಲಿಲ್ಲ," ಎಂದಳು ಅಜ್ಜಿ. "ಉತ್ತರ ಕೊಟ್ಟೆ."

ಮಾಮನ ಕೈ ಜೇಬಿನೊಳಗಿನ ಹಾಳೆಯ ಮೇಲಿತ್ತು.

"ಎರಡು ತಿಂಗಳ ಹಿಂದೆ. ಬೆಳಿಗ್ಗೆ ಇಲ್ಲೇ ಕೂತಿದ್ದೆ. ಸೊಸೆ ಕೆಲಸಕ್ಕೆ ಹೋಗಿದ್ಲು, ಮನೆಗೆ ಬೀಗ. ಆ ಕಿಟಕಿ ಪರದೆ ಹಿಂದೆ ದೀಪ ಹತ್ತಿತು. ಆಮೇಲೆ ಇಳೀತು. ಇಳೀತು. ಇಳೀತು. ಆರಿತು. ನನ್ನ ಮಗ ಮೀಟರಪ್ಪ ಅದು. ಚಿಕ್ಕೋನಿದ್ದಾಗ ಟಾರ್ಚ್ ಮೇಲೆ ಬೆರಳು ಮುಚ್ಚಿ ಮುಚ್ಚಿ ಆಡೋನು. ಆ ನಿಧಾನ ನನಗೆ ಗೊತ್ತಿಲ್ವಾ?"

"ಯಾವ ವಾರ?"

"ಬುಧವಾರ. ಬುಧವಾರ ಬುಧವಾರ ಬರ್ತಾನೆ." ಅವಳ ಕಣ್ಣು ಒಣಗಿತ್ತು, ಧ್ವನಿ ಮಾತ್ರ ಒದ್ದೆ. "ಸಂಜೆ ನಾನೂ ಹಚ್ಚಿ ಇಳಿಸ್ತಿದ್ದೆ. ಇಲ್ಲೇ ಇದ್ದೀನಪ್ಪ, ನೋಡ್ತಿದ್ದೀನಿ ಅಂತ. ಅವನು ಮಗಳನ್ನ ನೋಡೋಕೆ ಬರೋದು. ಅಮ್ಮನ್ನ ನೋಡೋಕಲ್ಲ. ಮಗು ಇಲ್ಲಿದ್ರೆ ಇಲ್ಲಿಗೇ ಬರ್ತಾನಲ್ಲ ಅಂತ ಆಸೆ ಹತ್ತಿತು. ಚಿಕ್ಕ ಮಗ ಅರ್ಜಿ ತಂದ, ಸೈನ್ ಹಾಕಿದೆ. ಅದರಲ್ಲಿ ಏನು ಬರೆದಿದ್ರು ಅಂತ ಓದಲಿಲ್ಲ."

ಮಾಮ ಇನ್ನೊಂದು ಸ್ಟೂಲನ್ನು ಎಳೆದುಕೊಂಡು ಅವಳ ಎದುರು ಕೂತ. ಇಂಥ ಹೊತ್ತಿನಲ್ಲಿ ನಿಂತು ಮಾತಾಡಬಾರದು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಅಕ್ಕ. ದೋಣಿಯವರು ಹೆಣ ತಂದಾಗ ಗುರುತು ಹಿಡಿದಿದ್ದು ನೀವು."

"ಹನ್ನೊಂದನೇ ದಿನ ಸಿಕ್ಕಿದ್ದು." ಬೆರಳುಗಳು ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿದವು. "ಅಂಗಿ ಅವನದೇ. ಅಂಗಿ ನೋಡಿ ತಲೆ ಆಡಿಸಿದೆ. ಬಟ್ಟೆ ಸರಿಸ್ಲಾ ಅಂದ್ರು. ಬೇಡ ಅಂದೆ. ಯಾವ ತಾಯಿ ಹೂಂ ಅಂತಾಳೆ, ನೀನೇ ಹೇಳು."

ಗೋಡೆಯ ಗಡಿಯಾರ ಹತ್ತು ಇಪ್ಪತ್ತೆಂಟು ತೋರಿಸುತ್ತಿತ್ತು.

ಮಾಮ ಎರಡನೇ ಹಾಳೆಯನ್ನು ಅವಳ ತೊಡೆಯ ಮೇಲಿಟ್ಟ. "ನೀವು ನೋಡಿದ್ದು ನಿಜ. ಇದೂ ಬರ್ಕೊಂಡಿದೆ. ಆದರೆ ಈ ಡಬ್ಬಿ ಸತ್ತವರನ್ನ ಬರ್ಕೊಳಲ್ಲ ಅಕ್ಕ. ಬೆರಳಿಂದ ಒತ್ತಿದ್ದನ್ನ ಮಾತ್ರ ಬರ್ಕೊಳುತ್ತೆ. ಆ ಹೊತ್ತಲ್ಲಿ ಬೀಗ ಹಾಕಿದ ಮನೆಯೊಳಗೆ ಯಾರೋ ನಿಂತು ಬಟನ್ ಒತ್ತಿದ್ದಾರೆ. ನಿಮ್ಮ ಸೊಸೆ ಲ್ಯಾಬಲ್ಲಿ ಬೆರಳು ಒತ್ತಿರ್ತಾಳೆ. ಅವನ ಹಂಗೆ ದೀಪ ಇಳಿಸೋದು ಇನ್ಯಾರಿಗೆ ಗೊತ್ತು?"

"ಚಿಕ್ಕೋನಿಗೆ ಗೊತ್ತು. ಆದರೆ ಅವನು ಒಂದು ತಿಂಗಳಿಂದ ನಾಟಕದ ತಂಡದ ಜೊತೆ ಊರೂರು ಸುತ್ತುತಾ ಇದ್ದಾನೆ." ಅಜ್ಜಿ ಹಾಳೆಯಿಂದ ತಲೆ ಎತ್ತಿದಳು. "ಮಗೂಗೂ ಗೊತ್ತು. ಅವನು ತೊಡೆ ಮೇಲೆ ಕೂರಿಸ್ಕೊಂಡು ಒತ್ತಿಸ್ತಿದ್ದ. ಆದರೆ ಅದು ಶಾಲೇಲಿ..."

ಅವಳು ಅಲ್ಲಿಗೇ ನಿಲ್ಲಿಸಿದಳು. ಶಾಲೆ ಎರಡೇ ಬೀದಿ ಆಚೆ.

"ಫೋನ್ ಮಾಡಿ," ಎಂದ ಮಾಮ. "ಅಜ್ಜಿ ನಂಬರು ಶಾಲೇಲಿ ಇರುತ್ತೆ. ನಾನು ಮಾಡಿದ್ರೆ ಏನೂ ಹೇಳಲ್ಲ. ಮಗು ಕ್ಲಾಸಲ್ಲಿ ಇದೆಯಾ ಅಂತ ಕೇಳಿ, ಅಷ್ಟೇ."

ಕಿವಿ ಮಂದವಾದ್ದರಿಂದ ಅಜ್ಜಿ ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು. ನಾಲ್ಕು ಸಲ ರಿಂಗಾಯಿತು. ಎತ್ತಿದ್ದು ಆಫೀಸಿನ ಹುಡುಗಿ, ಈ ವರ್ಷ ಹೊಸದಾಗಿ ಸೇರಿದವಳು. ಹಿಂದೆ ಮಕ್ಕಳ ಗಲಾಟೆ.

"ಹೇಳಿ ಅಜ್ಜಿ."

"ನಮ್ಮ ಮಗು ಕ್ಲಾಸಲ್ಲಿ ಇದೆಯೇನಮ್ಮ?"

"ಇಲ್ಲೇ ಆಫೀಸಲ್ಲಿದ್ದಾಳೆ, ಬ್ಯಾಗ್ ಹಾಕ್ಕೊಂಡು. ಇವತ್ತು ಬುಧವಾರ ಅಲ್ವಾ? ಹಲ್ಲಿನ ಡಾಕ್ಟರ ಹತ್ರ ಹೋಗೋ ದಿನ. ಒಂದು ಗಂಟೇಲಿ ವಾಪಸ್ ಕರ್ಕೊಂಡು ಬರ್ತಾರಲ್ಲ."

ಮಾಮ ಮುಂದಕ್ಕೆ ಬಾಗಿ ತುಟಿಯಾಡಿಸಿದ. ಯಾರು.

"ಯಾರಮ್ಮ ಕರ್ಕೊಂಡು ಹೋಗೋದು?"

"ಇದೇನಜ್ಜಿ ಹಿಂಗೆ ಕೇಳ್ತೀರ?" ಹುಡುಗಿ ನಕ್ಕಳು. "ಅವರಪ್ಪ. ಪ್ರತಿ ವಾರ ಅವರೇ ಬರ್ತಾರಲ್ಲ. ಈಗ ರಿಜಿಸ್ಟರಲ್ಲಿ ಸೈನ್ ಮಾಡ್ತಿದ್ದಾರೆ. ಇಲ್ಲೇ ಇದ್ದಾರೆ, ಮಾತಾಡ್ತೀರಾ?"

ಮಾಮ ಕೈ ಎತ್ತಿದ. ಮಗುವನ್ನು ಕಳಿಸಬೇಡಿ ಎನ್ನಬೇಕು. ಎಂದರೆ ಆ ಹುಡುಗಿಯ ಪಕ್ಕದಲ್ಲಿ ನಿಂತವನಿಗೂ ಕೇಳಿಸುತ್ತದೆ. ಆ ಒಂದು ಲೆಕ್ಕಾಚಾರದ ಗಳಿಗೆಯಲ್ಲಿ ಅಜ್ಜಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ತಂದುಕೊಂಡಿದ್ದಳು. ಎಂಟು ತಿಂಗಳಲ್ಲಿ ಆ ಮುಖದ ಮೇಲೆ ಇಂಥ ಬೆಳಕನ್ನು ಯಾರೂ ನೋಡಿರಲಾರರು.

"ಕೊಡಮ್ಮ. ಅವನಿಗೆ ಕೊಡು. ಬೇಗ ಕೊಡು."

ಫೋನು ಕೈ ಬದಲಾಯಿತು. ಯಾವುದೋ ಬಟ್ಟೆಗೆ ಉಜ್ಜಿದ ಸದ್ದು. ಹತ್ತಿರದಲ್ಲೇ ಮೊಮ್ಮಗಳು ಏನೋ ಕೇಳಿ ಕಿಲಕಿಲ ನಕ್ಕಳು.

"ಹೇಳಿ ಅಮ್ಮ," ಎಂದಿತು ಗಂಡು ಧ್ವನಿ. ಮೃದುವಾಗಿ, ಚೂರೂ ಅವಸರವಿಲ್ಲದೆ. "ಕೇಳಿಸ್ತಾ ಇದೆ. ಆರಾಮಾಗಿದ್ದೀರಾ?"

ಬೆಳಕು ಅಜ್ಜಿಯ ಮುಖದಿಂದ ಇಳಿದುಹೋಯಿತು. ಅಂಗೈಯಿಂದ ಫೋನನ್ನು ಗಟ್ಟಿಯಾಗಿ ಮುಚ್ಚಿ, ಸೋತ ಮಂಡಿಗಳ ಮೇಲೆ ಎದ್ದು ನಿಂತಳು.

"ಓಡು ಮೀಟರಪ್ಪ," ಎಂದಳು. "ಶಾಲೆಗೆ ಓಡು. ಇವನು ನನ್ನ ಮಗ ಅಲ್ಲ. ಇಬ್ಬರು ಮಕ್ಕಳಲ್ಲಿ ಯಾರೂ ಅಲ್ಲ."